ಕೆರೆಗೆ ಇಳಿದ ಎಂಜಿನ್ನು

ಗುಡಗೇರಿಯಿಂದ ಬೆಳಗಿನ ರೈಲು ಹಿಡಿದಾಗ ಚೀಲದಲ್ಲಿ ಬೋಲ್ಟು ಬಿಚ್ಚುವ ಪಾನಾಗಳು, ಎರಡು ಆಯಿಲ್ ಸೀಲು, ಮೇಲೆ ಕಟಕ ರೊಟ್ಟಿ ಇದ್ದವು. ಹಳೆ ಎಂಜಿನ್ನು ಕೊಂಡು, ರಿಪೇರಿ ಮಾಡಿ ಮಾರುವವನು ನಾನು. ತಿರ್ಲಾಪುರದ ಆಚೆಗಿನ ಒಂದು ಹಳ್ಳಿಯ ಕೆರೆಯಲ್ಲಿ ದೋಣಿ ನಡೆಸುವ ಚನ್ನಪ್ಪ ಫೋನ್ ಮಾಡಿದ್ದ. ದೋಣಿಯ ಎಂಜಿನ್ನಿನಿಂದ ಎಣ್ಣೆ ಸೋರುತ್ತಿದೆ, ರವಿವಾರ ದೋಣಿ ಹತ್ತುವ ಮಂದಿ ಬರುವುದರೊಳಗೆ ಸರಿಯಾಗಬೇಕು ಎಂದಿದ್ದ. ಹೋಗಿಬರುವ ಖರ್ಚು ಅವನದೇ ಎಂದು ಮೊದಲೇ ಒಪ್ಪಿಸಿಕೊಂಡಿದ್ದೆ. ನೀವೂ ಹಾಗೇ ಮಾಡಿ. ಊರು ಬಿಟ್ಟ ಮೇಲೆ ಚೌಕಾಸಿಗೆ ಬಲವಿರುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದು ನವಲಗುಂದದ ಬಸ್ಸು ಹತ್ತಿದೆ. ಹಿಂದಿನ ದಿನ ಮಳೆಯಾಗಿತ್ತು. ಎರಿಹೊಲದ ಮಣ್ಣು ಟ್ರ್ಯಾಕ್ಟರ್ ಗಾಲಿಗೆ ಅಂಟಿ ಡಾಂಬರಿನ ಮೇಲೆಲ್ಲ ಉದುರಿತ್ತು. ನವಲಗುಂದದಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಟಂಟಂ ಆಟೋ ಹಿಡಿದು ಕೆರೆ ಮುಟ್ಟಿದೆ.

ಏರಿಯ ಮೇಲೆ ಕೊಡ ಇಟ್ಟುಕೊಂಡು ಕೂತಿದ್ದ ಮುದುಕಿ ಗಂಗವ್ವ ತಡೆದಳು. "ಚಪ್ಪಲ್ ಅಲ್ಲೇ ಬಿಡ್ರಿ. ಕುಡಿಯೂ ನೀರೈತಿ."

ಅಲ್ಲಿ ಬೋರಿನ ನೀರು ಉಪ್ಪು. ಊರೆಲ್ಲ ಕುಡಿಯುವುದು ಈ ಕೆರೆಯ ನೀರನ್ನೇ. ಇದರಲ್ಲಿ ಯಾರೂ ಕಾಲು ಸಹ ತೊಳೆಯುವುದಿಲ್ಲ. ಚನ್ನಪ್ಪನೂ ಬರಿಗಾಲಲ್ಲೇ ಬಂದ. ಆದರೆ ಅವನ ದೋಣಿಯ ಸುತ್ತ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡಿತ್ತು. ದೋಣಿಯ ತಳದಲ್ಲಿ ನಿಂತ ಎಣ್ಣೆ ನೀರನ್ನು ದಿನಾ ಸಂಜೆ ಡಬ್ಬಿಯಿಂದ ಮೊಗೆದು ಕೆರೆಗೇ ಚೆಲ್ಲುತ್ತಾನಂತೆ, ಅದೂ ಬರಿಗಾಲಲ್ಲಿ ನಿಂತು!

"ಕೆರಿ ಏನ್ ಸಣ್ಣದೇನ್ರಿ? ನಾಕ ಹನಿ ಎಣ್ಣಿ ಏನ್ ಮಾಡತೈತಿ?" ಎಂದ.

ಎಂಜಿನ್ನಿನ ಮುಚ್ಚಳ ಬಿಚ್ಚಿ ನೋಡಿದೆ. "ಸೀಲ್ ಹಾಕಿದ್ರ ಎಣ್ಣಿ ನಿಂತೀತು. ಹೊಗಿ ಮಾತ್ರ ನೀರಾಗೇ ಬಿಡತೈತಿ. ಇದನ್ನ ನಾ ಚಾಲೂ ಮಾಡಿ ಕೊಡೂದಿಲ್ರಿ. ಕಾಲಿಂದ ತುಳಿಯೂ ದೋಣಿ ಮಾಡ್ರಿ, ನಾನೇ ಜೋಡಿಸಿ ಕೊಡ್ತೀನಿ."

"ತುಳಿಯಾಕ ಯಾರ್ ಬರ್ತಾರ್ರಿ? ರಿಪೇರಿಗೆ ಕರದೇನಿ, ಪುರಾಣ ಹೇಳಾಕಲ್ಲ!"

"ಊರ ಮಂದಿ ಕುಡಿಯೂ ನೀರು ಕೆಡಸೂ ಎಂಜಿನ್ನಿಗೆ ನನ್ನ ಪಾನಾ ಹತ್ತೂದಿಲ್ಲ. ಬ್ಯಾರೆಯವರನ್ನ ಹುಡುಕ್ಕೋರಿ."

ಗಂಗವ್ವ ಎದ್ದು ಬಂದು, ಎಂಜಿನ್ನಿನ ಮಗ್ಗುಲಲ್ಲೇ ಎಣ್ಣೆ ತೇಲುತ್ತಿದ್ದ ನೀರಿಗೆ ತನ್ನ ತಂಬಿಗೆ ಅದ್ದಿ ಅವನ ಮುಂದೆ ಹಿಡಿದಳು. "ತಗೋಳೋ ಚನ್ನ್ಯಾ. ನಾಕ ಹನಿ ಅಂದ್ಯಲ್ಲ, ಕುಡಿ."

ನೀರು ತುಂಬುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಚನ್ನಪ್ಪ ತಂಬಿಗೆ ಬಾಯಿಯ ತನಕ ಒಯ್ದ. ವಾಸನೆ ಬಡಿಯಿತೇನೋ, ಮುಖ ತಿರುಗಿಸಿ ಚೆಲ್ಲಲು ಕೈ ಚಾಚಿದ.

"ಕೆರ್‍ಯಾಗ ಚೆಲ್ಲಿದ್ರ ನೋಡ ಮತ್ತ!" ಎಂದು ಗಂಗವ್ವ ಗದರಿದಳು.

ಚನ್ನಪ್ಪ ತುಂಬಿದ ತಂಬಿಗೆ ಹಿಡಿದು ಏರಿ ಹತ್ತಿ, ಆಚೆ ಜಾಲಿ ಕಂಟಿಯೊಳಗೆ ಸುರಿದು ಬಂದ. ಬಂದವನು ನನ್ನ ಮುಖ ನೋಡದೆ, "ಬಿಚ್ರಿ ಅದನ್ನ" ಎಂದ. ನಾಲ್ಕು ಬೋಲ್ಟು ಬಿಚ್ಚಿ, ಎಂಜಿನ್ನನ್ನು ಇಬ್ಬರೂ ಹೊತ್ತು ಏರಿ ದಾಟಿಸಿದೆವು.

ಊರಿನ ಕೆರೆಗೆ ದೋಣಿ ಬರುತ್ತದೆ ಎಂದು ಕುಣಿಯುವವರಿಗೆ ನನ್ನದೊಂದು ಮಾತು: ಮೊದಲು ಬಗ್ಗಿ ದೋಣಿಯ ತಳ ನೋಡಿ, ಆಮೇಲೆ ಹೂಮಾಲೆ ಹಾಕಿ.

ಮರಳಿ ಟಂಟಂ ಹತ್ತಿ ಹಿಂದೆ ತಿರುಗಿ ನೋಡಿದೆ. ಚನ್ನಪ್ಪ ದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆ ಧೋತರದಿಂದ ತಳದ ಎಣ್ಣೆ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದ. ದಂಡೆಯಲ್ಲಿ ನಿಂತ ಗಂಗವ್ವ ಬಕೆಟ್ಟಿನಿಂದ ಕಣ್ಣು ಕೀಳಲಿಲ್ಲ.