ಮುನಿನಾರಾಯಣಮ್ಮ ಕೊಡುವ ನಂಬರು

ಅಬ್ಬಿಗೆರೆ ಪಕ್ಕದ ಸಿಂಗಾಪುರದ ಹಿಟ್ಟಿನ ಗಿರಣಿಯ ಮುನಿನಾರಾಯಣಮ್ಮ ತನ್ನ ಅರವತ್ತು ವರ್ಷದ ಬಾಳಿನಲ್ಲಿ ಒಂದೇ ಒಂದು ಇಸ್ಪೀಟ್ ಎಲೆಯನ್ನು ಕೈಯಲ್ಲಿ ಹಿಡಿದವಳಲ್ಲ. ಇಸ್ಪೀಟು ಅಂದರೆ ಅವಳಿಗೆ ಮೈಯೆಲ್ಲ ಉರಿ. ಅಂಥವಳು, ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನೆಲ್ಲ ಸರ್ಕಾರ ನಿಷೇಧ ಮಾಡುತ್ತದಂತೆ ಎಂದು 2018ರಲ್ಲಿ ಸುದ್ದಿ ಎದ್ದಾಗ, ನಿಷೇಧ ಕೂಡದು ಅಂದಳು. ಇಡೀ ಬಡಾವಣೆಯಲ್ಲಿ ಹಾಗೆ ಅಂದವಳು ಅವಳೊಬ್ಬಳೇ. ಜನ ನಕ್ಕರು, ಬೈದರು, ಗಂಡ ಗೆದ್ದು ತರುವ ದುಡ್ಡಿನ ರುಚಿ ಹತ್ತಿದೆ ಅಂದರು. ಅನ್ನುವವರ ಗಂಟೇನು ಹೋಗುತ್ತದೆ! ಅವಳ ಪಾಡು ಅವಳಿಗೇ ಗೊತ್ತು.

ರಾಜಾನುಕುಂಟೆ ಕಡೆಯ ಹುಡುಗಿ, ಹದಿನೆಂಟಕ್ಕೆ ಸಿಂಗಾಪುರಕ್ಕೆ ಸೊಸೆಯಾಗಿ ಬಂದವಳು. ಆಗ ಕೆರೆಯ ಹಿಂದೆಲ್ಲ ರಾಗಿ ಹೊಲ. ಹೊಲ ಒಂದೊಂದೇ ಸೈಟಾಗುತ್ತ ಹೋಗಿ, 2008ರಲ್ಲಿ ಕೊನೆಯ ತುಂಡೂ ಹೋಯಿತು. ಆ ದುಡ್ಡು ಗಂಡ ಆನಂದಪ್ಪನ ಕೈಗೆ ಬೀಳುವ ಮೊದಲೇ ಹಠ ಹಿಡಿದು ಮನೆಯ ಮುಂಭಾಗಕ್ಕೆ ಗಿರಣಿ ಹಾಕಿಸಿದಳು. ರಾಗಿ, ಗೋಧಿ, ಜೋಳಕ್ಕೆ ಒಂದು ಮಿಷನ್ನು, ಮೆಣಸಿನಕಾಯಿಗೆ ಇನ್ನೊಂದು. ಹಾಕಿಸಿದ್ದು ಪುಣ್ಯ, ಇಲ್ಲದಿದ್ದರೆ ಅದೂ ಮಾಕಳಿಯ ಪಾಲಾಗುತ್ತಿತ್ತು.

ಮಾಕಳಿಯಲ್ಲಿ ಊರಾಚೆ ಒಂದು ನೀಲಗಿರಿ ತೋಪಿದೆ. ಅದರೊಳಗೆ ಟಾರ್ಪಾಲು ಕಟ್ಟಿಕೊಂಡು ಅಂದರ್ ಬಾಹರ್ ಆಡುತ್ತಿದ್ದರು. ಹೊಸತೊಡಕಿನ ದಿನ, ಅಂದರೆ ಯುಗಾದಿಯ ಮಾರನೇ ದಿನ, ನಮ್ಮ ಕಡೆ ಬಾಡೂಟ ಮಾಡಿ ನಾಲ್ಕು ಎಲೆ ಆಡುವುದು ಎಲ್ಲರೂ ಒಪ್ಪಿದ ಪದ್ಧತಿಯೇ. ಆದರೆ ಆನಂದಪ್ಪನಿಗೆ ವರ್ಷವೆಲ್ಲ ಹೊಸತೊಡಕು. ಮನುಷ್ಯ ಒಳ್ಳೆಯವನು ಕಣ್ರೀ, ಕುಡಿಯುವವನಲ್ಲ, ಹೆಂಡತಿಗೆ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಎಲೆ ಕಂಡರೆ ಮಾತ್ರ ಅವನು ಅವನಾಗಿರುತ್ತಿರಲಿಲ್ಲ. ಅವಳ ಓಲೆ ಹೋಯಿತು, ಮಗಳು ಆಶಾರಾಣಿಗೆಂದು ಮಾಡಿಸಿಟ್ಟ ಸರ ಹೋಯಿತು. 2011ರಲ್ಲಿ ಪೊಲೀಸರು ಬಂದರೆಂದು ಕಾಂಪೌಂಡು ಹಾರಿ ಕಾಲು ಮುರಿದುಕೊಂಡ. ಪಕ್ಕದ ಬೀದಿಯ ಖಾದರ್ ಬಾಷಾನ ಆಟೋದಲ್ಲಿ ಹೋಗಿ, ಮೋರಿಯ ಪಕ್ಕ ಬಿದ್ದಿದ್ದವನನ್ನು ಎತ್ತಿ ಹಾಕಿಕೊಂಡು ಬಂದಳು. ಕಾಲು ಕೂಡಿತು, ಕುಂಟು ಉಳಿಯಿತು. ಕುಂಟುತ್ತಲೇ ಮತ್ತೆ ಮಾಕಳಿಗೆ ಹೋದ. ಆ ವರ್ಷಗಳಲ್ಲಿ ಅವನು ಮನೆ ಸೇರುವವರೆಗೆ ಅವಳು ಬಾಗಿಲಲ್ಲೇ ಕೂತಿರುತ್ತಿದ್ದಳು.

ಅದನ್ನು ನಿಲ್ಲಿಸಿದ್ದು ದೇವರೂ ಅಲ್ಲ, ಪೊಲೀಸರೂ ಅಲ್ಲ. ಆಶಾರಾಣಿ ಅಪ್ಪನಿಗೊಂದು ಫೋನು ಕೊಡಿಸಿ, ಅದರಲ್ಲಿ ರಮ್ಮಿ ಆಟ ಹಾಕಿಕೊಟ್ಟಳು. ಬ್ಯಾಂಕಿನ ಖಾತೆ ಇದ್ದದ್ದು ಅಮ್ಮನ ಹೆಸರಲ್ಲಿ. ಹಾಗಾಗಿ ಆನಂದಪ್ಪ ಆಟಕ್ಕೆ ದುಡ್ಡು ಹಾಕಲು ಹೋದಾಗೆಲ್ಲ ಆ ಓಟಿಪಿ ಅನ್ನುವ ಆರಂಕಿಯ ನಂಬರು ಬರುತ್ತಿದ್ದುದು ಗಿರಣಿಯಲ್ಲಿದ್ದ ಮುನಿನಾರಾಯಣಮ್ಮನ ಫೋನಿಗೆ. ಅವಳು ನಂಬರು ಓದಿ ಹೇಳಿದರೆ ಆಟ, ಇಲ್ಲದಿದ್ದರೆ ಇಲ್ಲ.

"ಬಂತೇನೇ?" ಎಂದು ಗಿರಣಿಯ ಸಿಮೆಂಟು ಕಟ್ಟೆಯ ಮೇಲೆ ಕೂತು ಆನಂದಪ್ಪ ಕೇಳುತ್ತಿದ್ದ.

"ಬಂತು. ಮೊದಲು ಆ ಅವರೆಕಾಯಿ ಬಿಡಿಸಿ ಮುಗ್ಸಿ."

ವಾರಕ್ಕೊಂದು ಸಲ, ಭಾನುವಾರ, ನೂರು ರೂಪಾಯಿ. ಅದು ಅವಳು ಕಟ್ಟಿದ ಕಟ್ಟಳೆ. ರಾಗಿಗೆ ಬಂದವರೆಲ್ಲ ಡಬ್ಬ ಹಿಡಿದು ನಿಂತು, ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಕೂಗಿ ಹೇಳುವುದನ್ನೂ, ಅವನು ಶಾಲೆಯ ಹುಡುಗನ ಹಾಗೆ ಒತ್ತಿಕೊಳ್ಳುವುದನ್ನೂ ನೋಡಿ ನಗುತ್ತಿದ್ದರು. ನಗಲಿ ಬಿಡಿ! ಸೋತರೆ ಫೋನಿಗೆ ಬೈಯುತ್ತಿದ್ದ, ಗೆದ್ದರೆ ಬೋಂಡಾ ತರುತ್ತಿದ್ದ. ಎರಡರಲ್ಲೂ ಅವಳ ಕಣ್ಣೆದುರಿಗಿರುತ್ತಿದ್ದ. ಎರಡು ವರ್ಷ ಮುನಿನಾರಾಯಣಮ್ಮ ಕಣ್ತುಂಬ ನಿದ್ದೆ ಮಾಡಿದಳು.

ಆಗ ಬಂದದ್ದು ಈ ನಿಷೇಧದ ಮಾತು. ಯುಗಾದಿಗೆ ಮೂರು ದಿನ ಮುಂಚೆ ಗಂಗಾದೇವಿ ಎಂಬಾಕೆ ಗಿರಣಿಗೆ ಬಂದಳು. ಗದಗದ ಕಡೆಯವಳು, ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಬಡಾವಣೆಯ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ಒಂದು ಕೈಯಲ್ಲಿ ಜೋಳದ ಡಬ್ಬ, ಇನ್ನೊಂದು ಕೈಯಲ್ಲಿ ಮನವಿ ಪತ್ರ.

"ಸಹಿ ಮಾಡ್ರಿ ಅಮ್ಮಾರೇ. ಈ ಫೋನಿನ ಜೂಜು ಬಂದ್ ಆಗಬೇಕಂತ ಎಲ್ಲಾರೂ ಕೂಡಿ ಬರದೀವಿ."

"ನಾ ಆಕಲ್ಲ ಮೇಡಮ್ಮೋರೆ."

"ಯಾಕ್ರೀ? ನಮ್ಮ ತಮ್ಮ ಶಿವಪುತ್ರ ಇದರಾಗ ಕಾಲೇಜಿನ ಫೀ ಪೂರಾ ಕಳಕೊಂಡಾನ. ಒಂದು ವರ್ಷ ಮನಿ ಕಡೆ ಮುಖಾ ತೋರಿಸಿಲ್ಲ. ನಮ್ಮವ್ವ ದಿನಾ ಅಳತಾಳ. ನಿಮಗ ಮನಸಾದ್ರೂ ಹೆಂಗ ಬರತದ ಬ್ಯಾಡ ಅನ್ನಾಕ?"

ಅವಳ ಕಣ್ಣಲ್ಲಿ ನೀರಾಡಿದ್ದನ್ನು ಮುನಿನಾರಾಯಣಮ್ಮ ನೋಡಿದಳು. ಅಯ್ಯೋ ಅನ್ನಿಸಿತು. ಆದರೂ ಕೈ ಪೆನ್ನಿನ ಕಡೆ ಹೋಗಲಿಲ್ಲ. "ಫೋನಲ್ಲಿ ಬಂದ್ ಮಾಡುದ್ರೆ ಆಡೋರು ಬಿಡ್ತಾರಾ? ತೋಪಿಗೋಗ್ತಾರೆ. ತೋಪಲ್ಲಿ ನಂಬರ್ ಕೊಡೋರು ಯಾರು?" ಅಂದಳು. ಗಂಗಾದೇವಿಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಬಂದು ಹಿಟ್ಟು ಒಯ್ಯುತ್ತೇನೆಂದು ಡಬ್ಬ ಇಟ್ಟು, ಮುಖ ಗಂಟಿಕ್ಕಿಕೊಂಡು ಹೋದಳು. ಮುನಿನಾರಾಯಣಮ್ಮನ ತಲೆಯೊಳಗೆ ಮಾಕಳಿಯ ತೋಪೇ ಗಿರ್ರನೆ ತಿರುಗುತ್ತಿತ್ತು. ಹಬ್ಬದ ಮುಂದಿನ ಗಲಾಟೆ ಬೇರೆ, ಎರಡು ಮಿಷನ್ನೂ ಓಡುತ್ತಿದ್ದವು. ಹತ್ತು ವರ್ಷದಲ್ಲಿ ಮಾಡದ ತಪ್ಪನ್ನು ಅವತ್ತು ಮಾಡಿದಳು. ಗಂಗಾದೇವಿಯ ಬಿಳಿ ಜೋಳವನ್ನು ಖಾರದ ಮಿಷನ್ನಿಗೆ ಸುರಿದುಬಿಟ್ಟಳು, ಗೊತ್ತೂ ಆಗಲಿಲ್ಲ.

ಯುಗಾದಿ ಭಾನುವಾರ ಬಿತ್ತು. ಒಬ್ಬಟ್ಟು ತಿಂದು ಟೀವಿ ಮುಂದೆ ಕೂತ ಆನಂದಪ್ಪನಿಗೆ ಟೀವಿಯವನು ಕಿರುಚಿ ಹೇಳಿದ, ಫೋನಿನಲ್ಲಿ ಆಡಿದವರನ್ನೂ ಇನ್ನು ಒಳಗೆ ಹಾಕುತ್ತಾರಂತೆ ಎಂದು. ಕಾಂಪೌಂಡು ಹಾರಿದ ಕಾಲಿಗೆ ಪೊಲೀಸರ ದಾಳಿ ನೆನಪಾಗಿರಬೇಕು. ಆ ಭಾನುವಾರ ಅವನು ನಂಬರು ಕೇಳಲೇ ಇಲ್ಲ. ಹಬ್ಬದ ಸುಸ್ತು ಅಂದುಕೊಂಡು ಅವಳು ಸುಮ್ಮನಾದಳು.

ಹೊಸತೊಡಕಿನ ಬೆಳಿಗ್ಗೆ ಮಟನ್ ಅಂಗಡಿಯ ಕ್ಯೂನಲ್ಲಿ ನಿಲ್ಲಲು ಸಾವಿರ ರೂಪಾಯಿ ಕೊಟ್ಟು ಗಂಡನನ್ನು ಕಳಿಸಿದಳು. ಎಂಟಾಯಿತು, ಒಂಬತ್ತಾಯಿತು. ಮಸಾಲೆ ರುಬ್ಬಿಟ್ಟು ಕಾದಳು. ಹತ್ತೂವರೆಗೆ ಅಂಗಡಿಗೆ ಹೋಗಿ ನೋಡಿದರೆ ಕ್ಯೂ ಕರಗಿ ನಾಲ್ಕು ಜನ ಇದ್ದರು, ಆನಂದಪ್ಪ ಇರಲಿಲ್ಲ. ಫೋನ್ ಮಾಡಿದರೆ ಅದು ಗಿರಣಿಯ ಕಟ್ಟೆಯ ಮೇಲೆ, ಟವೆಲಿನ ಕೆಳಗೆ ಹೊಡೆದುಕೊಂಡಿತು. ತೆರೆದು ನೋಡಿದಳು. ಆಟದ ಚಿತ್ರ ಇದ್ದ ಜಾಗ ಖಾಲಿ. ಆಟ ಅಳಿಸಿ, ಫೋನು ಬಿಟ್ಟು, ಕೈಯಲ್ಲಿ ಸಾವಿರ ರೂಪಾಯಿ ಹಿಡಿದು, ಹೊಸತೊಡಕಿನ ದಿನ ಅವನು ಹೋಗುವುದು ಇನ್ನೆಲ್ಲಿಗೆ?

ಖಾದರ್ ಬಾಷಾನನ್ನು ಕರೆದಳು. ಅವನು ಆಟೋ ತಂದು ನಿಲ್ಲಿಸಿದ. "ಮಾಕಳೀನಾ ಅಕ್ಕ?" ಅಂದ, ಅಷ್ಟೇ. ಆಟೋ ತಿರುಗಿಸುವಷ್ಟರಲ್ಲಿ ಗಂಗಾದೇವಿ ಡಬ್ಬ ಹಿಡಿದು ದುರುದುರು ಬಂದಳು.

"ಏನ್ರೀ ಇದು? ಸಹಿ ಮಾಡಂಗಿಲ್ಲ ಅಂದ್ರ ಬ್ಯಾಡ, ಹಿಟ್ಟಿನ್ಯಾಗ ಖಾರ ಕೂಡಿಸಿ ಕೊಡೂದಾ? ಹಬ್ಬದ ದಿನ ರೊಟ್ಟಿ ತಿಂದು ಮನಿ ಮಂದಿಯೆಲ್ಲಾ ಕೆಮ್ಮೀ ಕೆಮ್ಮೀ ಸಾಯೋದೊಂದು ಬಾಕಿ!"

ಮುನಿನಾರಾಯಣಮ್ಮ ಡಬ್ಬದೊಳಗೆ ನೋಡಿದಳು. ಹಿಟ್ಟು ಕೆಂಪಗೆ ಕಂಡಿತು. ಏನಾಯಿತೆಂದು ಅವಳಿಗೆ ಹೊಳೆಯಿತು, ಹೊಳೆದದ್ದೇ ತಡ ಗೊಳೋ ಎಂದು ಅತ್ತುಬಿಟ್ಟಳು. ನಾಲ್ಕು ದಿನ ತಡೆದು ಇಟ್ಟದ್ದು ಒಂದೇ ಸಲಕ್ಕೆ ಬಂತು. "ತಪ್ಪಾಯ್ತು ಮೇಡಮ್ಮೋರೆ. ಅವತ್ತು ನನ್ ತಲೆ ನೆಟ್ಗಿರ್ಲಿಲ್ಲ. ಈಗ್ ನಮ್ಮೆಜಮಾನ್ರು ಇಸ್ಪೀಟಾಡೋಕೆ ಮಾಕಳಿಗೋಗವ್ರೆ." ಗಂಗಾದೇವಿ ಬೈಯುವುದನ್ನು ಬಿಟ್ಟು, ಡಬ್ಬದ ಸಮೇತ ಆಟೋ ಹತ್ತಿದಳು.

ಅಬ್ಬಿಗೆರೆ ದಾಟುವುದರೊಳಗೆ ಮುನಿನಾರಾಯಣಮ್ಮ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಓಲೆ, ಸರ, ಮುರಿದ ಕಾಲು, ಆರಂಕಿಯ ನಂಬರು. "ನೋಡುದ್ರಾ? ನಿಷೇಧ ಇನ್ನೂ ಬಂದೇ ಇಲ್ಲ. ಬರ್ತದೆ ಅನ್ನೋ ಮಾತಿಗೇ ನಮ್ಮೋರು ಓಗ್ಬುಟ್ರು."

"ಅದು ಖರೇ ಇರಬಹುದ್ರೀ. ಆದ್ರ ನಮ್ಮ ಶಿವಪುತ್ರಂದೂ ಖರೇ ಅದ."

"ಸುಳ್ಳಂತ ನಾನೆಲ್ಲಂದೆ? ನಿಮ್ ತಮ್ಮಂಗೆ ನಂಬರು ಯಾರ್ ಫೋನಿಗೆ ಬರ್ತಿತ್ತು?"

ಗಂಗಾದೇವಿ ಮಡಿಲಲ್ಲಿದ್ದ ಡಬ್ಬದ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. "ಅವನ ಫೋನಿಗೇ," ಅಂದಳು. ಚಿಕ್ಕಬಾಣಾವರ ಕಳೆದು ಆಟೋ ತುಮಕೂರು ರಸ್ತೆ ಸೇರಿತು.

ತೋಪಿನಲ್ಲಿ ಟಾರ್ಪಾಲು ಕಟ್ಟಿತ್ತು. ಇಪ್ಪತ್ತು ಮೂವತ್ತು ಜನ ಗುಂಪಾಗಿ ಕೂತಿದ್ದರು, ಎಲೆ ಬೀಳುವ ಸದ್ದು ದೂರದಿಂದಲೇ ಕೇಳುತ್ತಿತ್ತು. ಹೆಂಗಸರಿಬ್ಬರು ನಡೆದು ಬಂದದ್ದು ಕಂಡು ಆಟ ನಿಂತಿತು. ಮುನಿನಾರಾಯಣಮ್ಮ ಒಂದೊಂದೇ ಮುಖ ನೋಡಿದಳು. ಆನಂದಪ್ಪ ಇಲ್ಲ. ಸೋತು ಎಲ್ಲಿಗಾದರೂ ಹೋದನೇ, ಮತ್ತೆ ಯಾವ ಮೋರಿಯ ಪಕ್ಕ ಬಿದ್ದಿದ್ದಾನೋ ಎಂದು ತೋಪಿನಾಚೆಯ ಮೋರಿಯ ಕಡೆಗೆ ತಿರುಗಿದಳು. ಎಲೆ ಹಾಕುತ್ತಿದ್ದ ಸುಬ್ರಮಣಿ ಹಳೇ ಕಾಲದವನು, ಅವಳ ಗುರುತು ಹಿಡಿದು ಎದ್ದು ಬಂದ.

"ಆನಂದಣ್ಣ ಬಂದಿದ್ರು ಅಕ್ಕ. ಒಂಬತ್ತು ಗಂಟೇಲಿ."

"ಎಷ್ಟು ಓಯ್ತು?"

"ಒಂದ್ ರೂಪಾಯೂ ಇಲ್ಲ ಕಣಕ್ಕ! ಬಂದ್ರು, ಕೂತ್ರು, ನೋಟು ಕೈಲಿಡ್ಕೊಂಡ್ರು. ಎಲೆ ಆಕ್ದೆ. 'ಕಟ್ಟಣ್ಣ' ಅಂದೆ. 'ತಡಿಯೋ, ಅವಳು ನಂಬರ್ ಕೊಡ್ಲಿ' ಅಂದ್ಬುಟ್ರು. ನಾವೆಲ್ಲ ಬಿದ್ದೂ ಬಿದ್ದೂ ನಕ್ವಿ. ಅವರೂ ನಕ್ರು. ಆಮೇಲೆ ಇನ್ನೂ ಮೂರ್ ಆಟ ನೋಡ್ತಾ ಕೂತಿದ್ರು, ಕೈ ಮಾತ್ರ ಮುಂದಕ್ಕೆ ಬರ್ಲಿಲ್ಲ. ಎದ್ದು ಓಗೇಬಿಟ್ರು."

ಮುನಿನಾರಾಯಣಮ್ಮ ಅಲ್ಲೇ ನೀಲಗಿರಿ ಎಲೆಗಳ ಮೇಲೆ ಕೂತಳು. ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಅವಳಿಗೇ ಗೊತ್ತಿಲ್ಲ. ಗಂಗಾದೇವಿ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು, ಸೆರಗಿಗೆ ಹತ್ತಿದ್ದ ಖಾರದ ಹಿಟ್ಟು ಕಣ್ಣಿಗೆ ಹೋಗಿ ಉರಿಯೋ ಉರಿ. ಖಾದರ್ ಬಾಷಾ ಬಾಟಲಿ ನೀರು ತಂದು ಸುರಿದ.

ವಾಪಸು ಬರುವಾಗ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ, ನೆರಳಿನಲ್ಲಿ, ಬಸ್ಸಿಗೆ ಕಾಯುತ್ತ ಕುಂಟುಗಾಲು ಚಾಚಿ ಕೂತಿದ್ದ ಆನಂದಪ್ಪ ಕಂಡ. ಪಕ್ಕದಲ್ಲಿ ಕರೀ ಕವರಿನ ಮಟನ್ನು. ಹೋದ ಜೀವ ಬಂದಂತಾಯಿತು ಅವಳಿಗೆ. ಇಳಿದು ಹೋದವಳು ಮಾತ್ರ ಬೈಯುತ್ತಲೇ ಹೋದಳು.

"ಇಷ್ಟೊತ್ತು ಇಟ್ಕೊಂಡ್ರೆ ಅದು ಕೆಟ್ಟೋಗಲ್ವಾ? ಮಸಾಲೆ ರುಬ್ಬಿ ಎಷ್ಟೊತ್ತಾಯ್ತು!"

"ಈಗ್ತಾನೆ ತಗೊಂಡೆ ಕಣೇ, ಇಲ್ಲೇ. ಎರಡು ಕೇಜಿ. ಸಿಂಗಾಪುರದ ಕ್ಯೂ ಉದ್ದ ಇತ್ತು..." ಅಂದವನು ಹೆಂಡತಿಯ ಕೆಂಪು ಕಣ್ಣು ನೋಡಿ ನಿಲ್ಲಿಸಿದ. ಸುಳ್ಳು ಅರ್ಧಕ್ಕೇ ಸತ್ತಿತು. "ಓಗಿದ್ದೆ," ಅಂದ.

"ಗೊತ್ತು. ಹತ್ತಿ."

ಅವತ್ತು ಸಾರಿಗೆ ಖಾರ ಹಾಕಲಿಲ್ಲ, ಗಂಗಾದೇವಿಯ ಡಬ್ಬದ ಹಿಟ್ಟನ್ನೇ ನಾಲ್ಕು ಚಮಚ ಕಲಸಿ ಬಿಟ್ಟಳು. ಸಾರು ಮಂದವಾಗಿ ಚೆನ್ನಾಗಿಯೇ ಬಂತು. ಮಟನ್ ಮುಟ್ಟದ ಗಂಗಾದೇವಿ ಒಬ್ಬಟ್ಟು ತಿಂದು, ಹೊಸ ಜೋಳದ ಹಿಟ್ಟು ಬೀಸಿಸಿಕೊಂಡು, ಕೊನೆಗೆ ತನ್ನ ಚೀಲದಿಂದ ಬಿಳಿ ಹಾಳೆ ತೆಗೆದಳು.

"ನೀವು ಹೇಳ್ರಿ, ನಾ ಬರೀತೀನಿ. ನಾ ಏನ್ ಒಪ್ಪಂಗಿಲ್ಲ ಮತ್ತ. ನನ್ನ ಮನವಿ ನಂದು, ನಿಮ್ಮದು ನಿಮ್ಮದು. ಎರಡೂ ಒಂದೇ ಕವರಿನ್ಯಾಗ ಹೋಗಲಿ."

ಮುನಿನಾರಾಯಣಮ್ಮ ಹೇಳಿದಳು, ಗಂಗಾದೇವಿ ದುಂಡಗೆ ಬರೆದಳು. ಸ್ವಾಮಿ, ಫೋನಿನ ಆಟ ನಿಷೇಧ ಮಾಡಬೇಡಿ. ನಿಷೇಧ ಮಾಡಿದರೆ ಆಡುವವರು ನಮ್ಮ ಕಣ್ಣಿಗೆ ಕಾಣದ ಕಡೆ ಹೋಗುತ್ತಾರೆ. ಅದರ ಬದಲು, ದುಡ್ಡು ಕಟ್ಟುವ ನಂಬರು ಆಡುವವನ ಫೋನಿಗೆ ಬಾರದೆ ಮನೆಯವರ ಫೋನಿಗೆ ಬರುವ ಹಾಗೆ ಕಾನೂನು ಮಾಡಿ. ಇಂತಿ ಹಿಟ್ಟಿನ ಗಿರಣಿ ಮುನಿನಾರಾಯಣಮ್ಮ, ಸಿಂಗಾಪುರ. ಮನೆಯವರ ಫೋನಿಗೆ ಎಂಬ ಸಾಲು ಬರೆಯುವಾಗ ಗಂಗಾದೇವಿಯ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಬರೆದು ಮುಗಿಸಿದಳು.

ಆ ಕಾಗದವನ್ನು ಯಾರು ಓದಿದರೋ, ಓದಿದರೋ ಇಲ್ಲವೋ. ಎಲೆಕ್ಷನ್ ಬಂತು, ನಿಷೇಧದ ಮಾತು ಆ ವರ್ಷ ತಣ್ಣಗಾಯಿತು.

ಹೊಸತೊಡಕು ಕಳೆದು ಬಂದ ಭಾನುವಾರ ಆಶಾರಾಣಿ ಬಂದು ಆಟವನ್ನು ಮತ್ತೆ ಹಾಕಿಕೊಟ್ಟಳು. ಗಿರಣಿಯಲ್ಲಿ ಆರೇಳು ಜನ ರಾಗಿಗೆ ನಿಂತಿದ್ದರು. ಮುನಿನಾರಾಯಣಮ್ಮನ ಫೋನು ಟಿಂಗ್ ಅಂದಿತು.

"ಬಂತೇನೇ?" ಎಂದ ಆನಂದಪ್ಪ.

ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದು ಫೋನನ್ನೇ ಅವನ ಮುಂದೆ ಹಿಡಿದಳು. ಒಂದು ವಾರ ಯೋಚನೆ ಮಾಡಿ ತೆಗೆದುಕೊಂಡ ತೀರ್ಮಾನ ಅದು. "ತಗಳಿ. ಇನ್ಮೇಲೆ ನೀವೇ ನೋಡ್ಕೊಳಿ. ನಂಗೆ ಭಯ ಇಲ್ಲ."

ಆನಂದಪ್ಪ ಫೋನು ನೋಡಿದ, ಅವಳನ್ನು ನೋಡಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನಂಗೈತೆ," ಅಂದ. "ನೀನೇ ಕೊಡು."

ಮುನಿನಾರಾಯಣಮ್ಮ ಕನ್ನಡಕ ಏರಿಸಿಕೊಂಡು, ಮಿಷನ್ನಿನ ಸದ್ದಿಗಿಂತ ಮೇಲೆ ದನಿ ತೆಗೆದು, ಒಂದೊಂದೇ ಅಂಕಿ ಓದತೊಡಗಿದಳು.