ಒಂಬತ್ತು ಕುಳಿಯ ಮೇಷ್ಟ್ರು

ಆ ಎರಡು ಕೈಗಳು ಒಬ್ಬರವೇ ಎಂದು ನಂಬುವುದು ಕಷ್ಟವಾಗಿತ್ತು. ಬಲಗೈ ಸುಟ್ಟ ಬದನೆಕಾಯಿಯಂತೆ ಕಪ್ಪು. ಎಡಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ಹಸುಗೂಸಿನ ಕೈಯಷ್ಟು ಬೆಳ್ಳಗೆ. ಅರವತ್ತು ವರ್ಷ ಎಡಗೈಗಷ್ಟೇ ಚರ್ಮದ ಗ್ಲೌಸು ಹಾಕಿಕೊಂಡು ಬಿಸಿಲಲ್ಲಿ ಗಾಲ್ಫ್ ಆಡಿದ, ಆಡಲು ಕಲಿಸಿದ ಫಲ ಅದು. ಮೊದಲ ದಿನ ನಾನು ಆ ಕೈಯನ್ನೇ ನೋಡುತ್ತಿದ್ದುದು ಅವರ ಗಮನಕ್ಕೆ ಬಂತು.

"ಕಾಯಿಲೆ ಅಲ್ಲಮ್ಮಾ. ಇದೇ ನನ್ನ ಸರ್ಟಿಫಿಕೇಟು."

ಕನ್ನಡ! ಕ್ವಾಲಾಲಂಪುರದಿಂದ ಸೆರೆಂಬಾನ್ ಕಡೆಗೆ ಒಂದು ಗಂಟೆ ದೂರದ ಹಳೇ ರಬ್ಬರ್ ತೋಟದಲ್ಲಿ, ನನ್ನ ಹೆಸರು ಕೇಳಿಯೇ ಊರು ಊಹಿಸಿದ್ದರು. ನಾನು ಮೈಸೂರಿನಿಂದ ಬಂದು ಒಂದು ವರ್ಷವಾಗಿದ್ದ ಸಿವಿಲ್ ಇಂಜಿನಿಯರು. ಆ ತೋಟವನ್ನು ಹದಿನೆಂಟು ಕುಳಿಗಳ ಗಾಲ್ಫ್ ಮೈದಾನ ಮಾಡುವ ಗುತ್ತಿಗೆ ನಮ್ಮ ಕಂಪನಿಯದು, ನಕ್ಷೆ ನನ್ನದು. ಅದನ್ನು ಹಳಬರೊಬ್ಬರು ನೋಡಲಿ ಎಂದು ಜಮೀನಿನ ಮಾಲೀಕರಾದ ವಯಸ್ಸಾದ ಚೀನೀಯರೊಬ್ಬರು ಇವರನ್ನು ಕರೆಸಿದ್ದರು. ಎಲ್ಲರೂ ಇವರನ್ನು 'ಪ್ರೊ' ಎನ್ನುತ್ತಿದ್ದರು. ನನಗೆ ಮಾತ್ರ ಆ ಕ್ಷಣದಿಂದ ಮೇಷ್ಟ್ರು.

ಮೇಷ್ಟ್ರು ಹುಟ್ಟಿದ್ದು ಬೆಂಗಳೂರು ದಂಡಿನಲ್ಲಿ. ತಂದೆ ಅಲ್ಲಿನ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಕಸುಬು ಕಲಿತಿದ್ದ ಒಬ್ಬ ಮುದಿ ದೊರೆಯ ಕೈಕೆಳಗೆ ಇವರು ಪಳಗಿದರು. ಆ ಕಾಲದ ಪ್ರೊ ಎಂದರೆ ಎಲ್ಲವೂ ಅವನೇ. ಆಟದ ಕೋಲು ಕೆತ್ತಬೇಕು, ಆಟ ಕಲಿಸಬೇಕು, ಹುಲ್ಲು ಬೆಳೆಸಬೇಕು, ಯಾರಾದರೂ ಕರೆದರೆ ಹೋಗಿ ಒಂದೇ ದಿನದಲ್ಲಿ ಹೊಸ ಮೈದಾನಕ್ಕೆ ಗೂಟ ಹೊಡೆದು ಬರಬೇಕು. ದೊರೆಯ ಜತೆ ಹಡಗು ಹತ್ತಿ ಮಲಯದ ಪಿನಾಂಗಿಗೆ ಬಂದ ಮೇಷ್ಟ್ರು ವಾಪಸು ಹೋಗಲಿಲ್ಲ. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಮನೆ, ಮನೆಯಲ್ಲಿ ತಮಿಳು. ಆದರೆ ಹೊಡೆತಗಳನ್ನು ಎಣಿಸುವುದು ಮಾತ್ರ ಕನ್ನಡದಲ್ಲೇ. ಜತೆಗೆ ಆಡುವ ಸಾಹೇಬರು ಬೇಕಾದರೆ ಕಲಿತುಕೊಳ್ಳಲಿ ಎನ್ನುತ್ತಿದ್ದರು.

ಅವತ್ತು ಅವರು ನನ್ನ ನಕ್ಷೆಯನ್ನು ಬಿಚ್ಚಲೂ ಇಲ್ಲ. ಕಂಕುಳಲ್ಲಿ ಬಿದಿರಿನ ಗೂಟಗಳ ಕಟ್ಟು, ಜೇಬಲ್ಲಿ ಮಡಚಿದ ನ್ಯೂಸ್‌ಪೇಪರು. ಎಪ್ಪತ್ತೆಂಟರ ಅವರು ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ಒಂದು ದಿಬ್ಬದ ಮಗ್ಗುಲಲ್ಲಿ ಇದ್ದಕ್ಕಿದ್ದಂತೆ ಪೇಪರು ಹಾಸಿ ಕೂತುಬಿಟ್ಟರು.

"ಸುಸ್ತಾಯ್ತಾ ಮೇಷ್ಟ್ರೇ?"

"ಸುಸ್ತು ನಿಂಗೆ. ಎಲ್ಲಿ ನಿಂತು ದೂರ ನೋಡ್ಬೇಕು ಅನ್ಸುತ್ತೋ ಅಲ್ಲಿಂದ ಚೆಂಡು ಹೊಡೀಬೇಕು. ಎಲ್ಲಿ ಕೂತ್ಕೊಂಡ್ಬಿಡೋಣ ಅನ್ಸುತ್ತೋ ಅಲ್ಲಿ ಕುಳಿ ಇರ್ಬೇಕು. ಗೂಟ ಕೊಡು."

ನನ್ನ ನಕ್ಷೆಯಲ್ಲಿ ಅದು ಕಾರು ನಿಲ್ಲಿಸುವ ಜಾಗ! ಸಿಟ್ಟು ಬಂತು. ಆದರೂ ಪಕ್ಕದಲ್ಲಿ ಕೂತು ನೋಡಿದೆ. ಎದುರಿಗೆ ಇಡೀ ಕಣಿವೆ ತೆರೆದುಕೊಂಡಿತ್ತು. ಮಾರನೆಯ ದಿನ ನಕ್ಷೆಯನ್ನು ಮೊದಲಿಂದ ಬರೆಯಲು ಕೂತೆ.

ಒಂಬತ್ತು ಕುಳಿಗಳಿಗೆ ನೆಲ ಹದವಾಗುವಷ್ಟರಲ್ಲಿ ಮಲೇಷ್ಯಾದ ಹಣ ರಿಂಗಿಟ್ ಕುಸಿಯಿತು. ಒಂದು ಸೋಮವಾರ ಬೆಳಿಗ್ಗೆ ಕಂಪನಿ ಕೆಲಸ ನಿಲ್ಲಿಸಿತು. ಬುಲ್ಡೋಜರುಗಳು ಗೇಟು ದಾಟುತ್ತಿದ್ದಂತೆ, ಎಂದೋ ತರಿಸಲು ಹೇಳಿದ್ದ ಹುಲ್ಲಿನ ಲಾರಿ ಒಳಗೆ ಬಂತು. ಕುಳಿಯ ಸುತ್ತ ಹಾಸುವ ನುಣುಪು ಹುಲ್ಲು ಅದು. ಗೋಣಿಚೀಲಗಳ ತುಂಬ ಬೇರುಸಹಿತ ತುಂಡುಗಳು. ಮೇಷ್ಟ್ರು ಒಂದು ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿದರು.

"ಹುಲ್ಲಿಗೆ ಜ್ವರ ಬಂದಿದೆ. ನಾಳೆ ಸಂಜೆ ಒಳಗೆ ನೆಡ್ಲಿಲ್ಲ ಅಂದ್ರೆ ಎಲ್ಲಾ ಗೊಬ್ಬರ."

"ಕಂಪನಿ ಕೆಲಸ ನಿಲ್ಸಿದೆ ಮೇಷ್ಟ್ರೇ. ನಾವು ಮುಟ್ಟೋ ಹಾಗಿಲ್ಲ."

"ನೆಲ ಕಂಪನೀದಾ? ಮಾಲೀಕರಿಗೆ ಫೋನ್ ಮಾಡು."

ಮಾಡಿದೆ. "ಅರ್ಧ ಮೈದಾನ ಇಟ್ಕೊಂಡು ನಾನೇನು ಮಾಡ್ಲಿ?" ಎಂದು ಅವರು ಕೂಗಿದ್ದು ಲಾರಿಯವನಿಗೂ ಕೇಳಿಸಿರಬೇಕು. ಮೇಷ್ಟ್ರು ಫೋನ್ ಕಸಿದುಕೊಂಡು ಮಾತುಮಾತಿಗೂ 'ಲಾ' ಸೇರಿಸುವ ತಮ್ಮ ಮಲೇಷ್ಯಾ ಇಂಗ್ಲಿಷಿನಲ್ಲಿ ಶುರುಮಾಡಿದರು: "ಅರ್ಧ ಅಲ್ಲ ಲಾ! ಕುಳಿ ಒಂಬತ್ತು, ಆದ್ರೆ ಒಂದೊಂದಕ್ಕೂ ಎರಡೆರಡು ಕಡೆಯಿಂದ ಹೊಡೀಬಹುದು. ಮೊದಲ ಸುತ್ತು ಒಂದು ಮೈದಾನ, ಎರಡನೇ ಸುತ್ತು ಇನ್ನೊಂದು. ಆ ಗೂಟಗಳನ್ನೂ ಆಗ್ಲೇ ಹೊಡೆದಾಯ್ತು. ಹುಲ್ಲಿನ ಕೆಲಸ ಇಲ್ಲಿನ ಹೆಂಗಸರಿಗೇ ಕೊಡ್ಬೇಕು, ಅಷ್ಟೇ."

ಗೂಟ ಹೊಡೆದದ್ದು ಶುದ್ಧ ಸುಳ್ಳು. ಆ ಕಡೆಯಿಂದ ದೊಡ್ಡ ನಗು. "ನೆಡು ಲಾ, ನೆಡು!"

ರಬ್ಬರ್ ಹಾಲು ಇಳಿಸುತ್ತಿದ್ದ ತಮಿಳು ಕುಟುಂಬಗಳು ಕೆಲಸ ಹೋದ ಮೇಲೂ ತೋಟದ ಲೈನ್‌ಮನೆಗಳಲ್ಲೇ ಇದ್ದವು. ಮೇಷ್ಟ್ರು ಅಲ್ಲಿಗೆ ಓಡಿದರು. ಹೌದು, ಓಡಿದರು! ಅರ್ಧ ಗಂಟೆಯಲ್ಲಿ ಮೂವತ್ತು ಹೆಂಗಸರು ಸೀರೆ ಎತ್ತಿಕಟ್ಟಿ ಬಂದರು. ಮೇಷ್ಟ್ರು ಮಣ್ಣಲ್ಲಿ ಬೆರಳಿಂದ ಗೆರೆ ಎಳೆದರು, ನಾವು ಗೆರೆಯುದ್ದಕ್ಕೂ ತುಂಡು ಒತ್ತಿದೆವು. ಹಾಲು ಹೊರುತ್ತಿದ್ದ ಬಕೆಟುಗಳಲ್ಲಿ ಹಳ್ಳದ ನೀರು ಬಂತು. ಇಳಿಸಿ ಹೋಗಬೇಕಿದ್ದ ಲಾರಿಯವನೂ ಪ್ಯಾಂಟು ಮಡಚಿದ. ಯಾರೋ ಪಕ್ಕದ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಊಟ ತಪಾವ್ ಮಾಡಿ, ಕಟ್ಟಿಸಿಕೊಂಡು ತಂದರು, ಕೆಸರುಗೈಯಲ್ಲೇ ಪೊಟ್ಟಣ ಬಿಚ್ಚಿದೆವು. ಒಂದೊಂದು ಜಾಗ ಮುಗಿದಾಗಲೂ ಮೇಷ್ಟ್ರು ಕನ್ನಡದಲ್ಲಿ ಕೂಗುತ್ತಿದ್ದರು: "ನಾಲ್ಕು!" "ಐದು!" ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಹೆಂಗಸರೂ ಜತೆಗೆ ಕೂಗತೊಡಗಿದ್ದರು. ಸೂರ್ಯ ಮುಳುಗುವ ಮುಂಚೆ ತೋಟಕ್ಕೆ ತೋಟವೇ "ಒಂಬತ್ತು!" ಎಂದಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದಿದ್ದವು.

ಹತ್ತನೇ ದಿನ ಬೆಳಿಗ್ಗೆ ಮೇಷ್ಟ್ರ ಫೋನ್. "ಬೇಗ ಬಾ, ಹುಲ್ಲು ಕಣ್ಣು ಬಿಟ್ಟಿದೆ!" ನಾನು ಹಲ್ಲೂ ಉಜ್ಜದೆ ಹೊರಟೆ.

ಮೈದಾನ ತೆರೆಯುವ ಮುನ್ನ ಮಾಲೀಕರು ಆಟದ ಅಂಕ ಬರೆಯುವ ಕಾರ್ಡಿನ ಮಾದರಿ ತಂದರು. 'ವಿನ್ಯಾಸ' ಎಂದಲ್ಲಿ ಮೇಷ್ಟ್ರ ಹೆಸರಿತ್ತು. ಅಷ್ಟು ವರ್ಷಗಳಲ್ಲಿ ಅವರು ಹಾಕಿದ ಯಾವ ಮೈದಾನದಲ್ಲೂ ಅವರ ಹೆಸರು ಇರಲಿಲ್ಲ, ದೊರೆಗಳದ್ದೇ ಇತ್ತು. ಮೇಷ್ಟ್ರು ಕಾರ್ಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಪಕ್ಕದಲ್ಲೇ ನನ್ನ ಹೆಸರು ಬರೆದರು.

"ಬೇಡಿ ಮೇಷ್ಟ್ರೇ. ಎಲ್ಲಾ ನೀವು ಮಾಡಿದ್ದು."

"ನನ್ನ ಹೆಸರು ನೋಡಿ ಇನ್ನು ಯಾರು ಕೆಲಸ ಕೊಡ್ತಾರಮ್ಮಾ? ನಿಂದು ನೋಡಿದ್ರೆ ಕೊಡ್ತಾರೆ."

ಮುಂದಿನ ವರ್ಷ ಅವರು ತೀರಿಕೊಂಡರು, ಮೂರೇ ದಿನದ ಕಾಯಿಲೆ. ಲೈನ್‌ಮನೆಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಬ್ರಿಕ್‌ಫೀಲ್ಡ್ಸ್‌ಗೆ ಬಂದಿದ್ದರು. ಅದಾಗಿ ಹನ್ನೊಂದನೇ ದಿನ ಇಪೋ ಊರಿನಿಂದ ಯಾರೋ ಅಪರಿಚಿತರು ಫೋನ್ ಮಾಡಿದರು. ನಮ್ಮ ಮೈದಾನದಲ್ಲಿ ಆಡಿದ್ದರಂತೆ, ಕಾರ್ಡಿನಲ್ಲಿ ನನ್ನ ಹೆಸರು ಓದಿದ್ದರಂತೆ.

"ಇಲ್ಲೊಂದು ಜಾಗ ಇದೆ. ನೀವು ಬಂದು ನೋಡ್ತೀರಾ?"

ಎಷ್ಟು ದೊಡ್ಡ ಜಾಗ, ಯಾವಾಗ ಬರಲಿ ಎಂದು ಕೇಳುವುದೂ ಮರೆತುಹೋಯಿತು.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದೆ.