ಸಭೆಗೆ ತಲುಪದ ರೊಟ್ಟಿ

ಮಹಾದೇವಿ ಅಕ್ಕನ ರೊಟ್ಟಿಯನ್ನು ನಮ್ಮ ಸಂಘದಲ್ಲಿ ಯಾರೂ ಬೇಡವೆನ್ನಲಿಲ್ಲ. ನಾನು ಅದನ್ನು ಯಾರ ಮುಂದೆಯೂ ಇಡಲೇ ಇಲ್ಲ. ಇಟ್ಟೆ, ಅವರು ಒಪ್ಪಲಿಲ್ಲ ಎಂದು ಆಕೆಗೆ ಸುಳ್ಳು ಹೇಳಿದೆ.

ನಾನು ಬೀದರ್ ಕಡೆಯವನು. ಗಡಿಯಾಚೆಯ ಈ ಮಹಾನಗರಕ್ಕೆ ಬಂದು, ಕಾಚಿಗೂಡದ ಗಲ್ಲಿಯೊಂದರಲ್ಲಿ ಖಡಕ್ ಜೋಳದ ರೊಟ್ಟಿ ಮಾಡಿಸಿ ಮಾರುತ್ತಿದ್ದೆ. ಆಗ ದೊಡ್ಡ ಕಂಪನಿಗಳ ಗೇಟಿನಲ್ಲಿ ವಾಚ್‌ಮನ್ನೇ ನನ್ನನ್ನು ವಾಪಸ್ ಕಳಿಸುತ್ತಿದ್ದ. ನಮ್ಮ ಕಡೆಯ ಸಣ್ಣ ಉದ್ದಿಮೆದಾರರು ಸೇರಿ ಹಿಮಾಯತ್‌ನಗರದಲ್ಲಿ ಸಂಘ ಕಟ್ಟಿ ನೋಂದಣಿ ಮಾಡಿಸಿದ ಮೇಲೆ ಅದೇ ಗೇಟು ತೆರೆಯಿತು. ಮಾಲಿನ ತಪಾಸಣೆ ಒಟ್ಟಿಗೆ ಮಾಡಿಸಿದೆವು, ಒಂದೇ ಗಾಡಿಯಲ್ಲಿ ಎಲ್ಲರ ಮಾಲು ಹೋಯಿತು, ಖರೀದಿದಾರರ ಎದುರು ಎಲ್ಲರ ಪರವಾಗಿ ಅಧ್ಯಕ್ಷರು ಮಾತನಾಡಿದರು. ಐಟಿ ಕಚೇರಿಗಳ ಕ್ಯಾಂಟೀನುಗಳಿಗೆ ನನ್ನ ರೊಟ್ಟಿ ಹೋಗತೊಡಗಿತು. ಹೊಸ ಸದಸ್ಯರ ಅರ್ಜಿಯನ್ನು ಸಭೆಯ ಮುಂದಿಡುವುದು ಕಾರ್ಯದರ್ಶಿಯಾದ ನನ್ನ ಕೆಲಸ.

ಮಹಾದೇವಿ ಅಕ್ಕ ಸೇಡಂನಿಂದ ಬಂದರು. ಊರಿನ ಕೆಲವು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಮಾಡುತ್ತಿದ್ದರು. ಜೊತೆಗೆ ಬಂದಿದ್ದ ಸಾವಿತ್ರಿ ಎಂಬಾಕೆ ಬಟ್ಟೆಯ ಗಂಟು ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟಳು.

"ತಿಂದು ನೋಡ್ರಿ ಅಣ್ಣಾರ," ಎಂದರು ಅಕ್ಕ. "ಊರಾಗ ಕೊಳ್ಳೋರು ಇಲ್ರಿ. ನಿಮ್ಮ ಸಂಘದಾಗ ಜಾಗಾ ಸಿಕ್ರ ನಮ್ಮ ಹೆಣ್ಮಕ್ಕಳು ದುಡಿಯಾಕ ಊರು ಬಿಡೂದು ತಪ್ಪತೈತಿ."

ತಿಂದೆ. ತೆಳುವಾಗಿ, ಎಳ್ಳಿನ ಘಮದೊಂದಿಗೆ ಬಾಯಲ್ಲಿ ಪುಡಿಯಾಯಿತು — ಆ ಕ್ಷಣವೇ ನನಗೆ ಭಯ ಹುಟ್ಟಿತು. ಕ್ಯಾಂಟೀನಿನವರು ಇದನ್ನು ಒಮ್ಮೆ ತಿಂದರೆ ನನ್ನದನ್ನು ಮುಟ್ಟುವವರು ಯಾರು?

"ಸಭಾದಾಗ ಇಡತೀನ್ರಿ ಅಕ್ಕಾ," ಎಂದೆ. ಸಭೆಗೆಂದು ಅವರು ಬಿಟ್ಟುಹೋದ ಗಂಟನ್ನು ಮನೆಗೆ ಒಯ್ದೆ. ನನ್ನ ಮಕ್ಕಳು ತಿಂದು ಮುಗಿಸಿ, "ಪಪ್ಪಾ, ನಮ್ಮದಕ್ಕಿಂತ ಇದ ಚಲೋ ಐತಿ," ಎಂದರು. ಸಭೆ ನಡೆಯಿತು. ನಾನು ಬಾಯಿ ಬಿಡಲಿಲ್ಲ. ಮರುದಿನ ಅಕ್ಕನಿಗೆ ಫೋನ್ ಮಾಡಿದೆ.

"ಮಂದಿಗೆ ಪಸಂದ ಬರಲಿಲ್ರಿ."

ಆಕೆ, "ಆಗಲ್ರಿ ಅಣ್ಣಾರ. ತಿಂದರ ನೋಡಿದ್ರಲ್ಲ, ಭಾಳ ಉಪಕಾರ ಆತು," ಎಂದರು. ಬೈದಿದ್ದರೆ... ಇಲ್ಲ, ಬೈದಿದ್ದರೂ ನಾನು ನಿಜ ಹೇಳುತ್ತಿರಲಿಲ್ಲ.

ಮುಂದೆ ಕ್ಯಾಂಟೀನುಗಳ ಬೇಡಿಕೆ ನನ್ನ ಕೈಮೀರಿತು. "ನಮ್ಮ ಕಡೆ ರೊಟ್ಟಿ ಮಾಡೋರು ಮತ್ಯಾರೂ ಇಲ್ಲೇನ್ರಿ?" ಎಂದು ಅಧ್ಯಕ್ಷರು ಕೇಳಿದರು. "ಇಲ್ರಿ," ಎಂದೆ. ಆ ವ್ಯವಹಾರ ದೊಡ್ಡ ಕಾರ್ಖಾನೆಯೊಂದರ ಪಾಲಾಯಿತು. ರೊಟ್ಟಿಯ ಜೊತೆಗೇ ಹೋಗುತ್ತಿದ್ದ ಉಳಿದವರ ಚಟ್ನಿಪುಡಿ, ಉಪ್ಪಿನಕಾಯಿಗಳೂ ನಿಂತವು. ನನ್ನ ಹೊಟ್ಟೆಕಿಚ್ಚಿಗೆ ಅವರೂ ಬಲಿಯಾದರು. ಅವರಿಗೆ ಕಾರಣ ಗೊತ್ತಾಗಲಿಲ್ಲ.

ಕಳೆದ ವರ್ಷ ಮಣಿಕೊಂಡದಲ್ಲಿ ಪರಿಚಯದವರೊಬ್ಬರ, ಇನ್ನೂ ಕಟ್ಟುತ್ತಿದ್ದ ಹೊಸ ಫ್ಲ್ಯಾಟ್ ನೋಡಲು ಹೋಗಿದ್ದೆ. ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು ನನ್ನನ್ನೇ ನೋಡಿದಳು. ಸಾವಿತ್ರಿ.

"ಆರಾಮ ಅದೀರೇನ್ರಿ ಅಣ್ಣಾರ?"

ರೊಟ್ಟಿ ಕೆಲಸ ಏನಾಯಿತೆಂದು ಕೇಳಿದೆ. ಯಾಕೆ ಕೇಳಿದೆನೋ.

"ನಿಮ್ಮ ಮಂದಿಗೆ ಪಸಂದ ಬರಲಿಲ್ಲಂದ ಮ್ಯಾಲ ಬಿಟ್ಟಿವ್ರಿ. ನಮ್ಮ ಕೈಯಾಗ ಏನೋ ಐಬು ಇರಬೇಕು." ಅಷ್ಟು ಹೇಳಿ ನಕ್ಕು ಮೆಟ್ಟಿಲು ಹತ್ತಿದಳು.

ಕೂಗಿ ನಿಲ್ಲಿಸಬಹುದಿತ್ತು. ನಾನು ಕೆಳಗೇ ನಿಂತಿದ್ದೆ.

ತಿಂಗಳುಗಟ್ಟಲೆ ಆ ಮಾತು ನನ್ನನ್ನು ಬಿಡಲಿಲ್ಲ. ಕೊನೆಗೆ ಸಭೆಯಲ್ಲಿ ಎದ್ದು ಎಲ್ಲವನ್ನೂ ಹೇಳಿ ಕಾರ್ಯದರ್ಶಿ ಸ್ಥಾನ ಬಿಟ್ಟೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಆಕೆ ಕೊನೆತನಕ ಕೇಳಿ, ಒಂದೇ ಮಾತು ಕೇಳಿದರು.

"ಸಾವಿತ್ರಿಗೆ ಹೇಳೀರೇನ್ರಿ?"

ಮರುದಿನ ಬೆಳಿಗ್ಗೆಯೇ ಮಣಿಕೊಂಡಕ್ಕೆ ಓಡಿದೆ. ಕಟ್ಟಡ ಮುಗಿದು, ಜನ ಬಂದು ವಾಸವಾಗಿದ್ದರು. ಸೇಡಂ ಕಡೆಯ ಕೂಲಿಯವರು ಎಲ್ಲಿಗೆ ಹೋದರೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಕ್ಕನ ಬಳಿಯೂ ಸಾವಿತ್ರಿಯ ಹೊಸ ನಂಬರ್ ಇಲ್ಲ.

ಈಗ ಈ ಊರಿನಲ್ಲಿ ಎಲ್ಲಿ ಕಟ್ಟಡ ಏಳುತ್ತಿದ್ದರೂ ಒಳಗೆ ಹೋಗಿ ಆಕೆಯ ಹೆಸರು ಹೇಳಿ ಕೇಳುತ್ತೇನೆ. ಇನ್ನೂ ಸಿಕ್ಕಿಲ್ಲ.